ನಡೆದು ಬಂದವು, ತೇಲಿ ಬಂದವು, ಹಾರಿ ಬಂದವು: ಆಫ್ರಿಕಾ ಪಕ್ಕದ ದ್ವೀಪಗಳ ಸಸ್ತನಿಗಳು

ಆಫ್ರಿಕಾದ ಪಶ್ಚಿಮ ದಡದ ಗಿನಿ ಕೊಲ್ಲಿಯಲ್ಲಿರುವ ಸಾವ್ ತೊಮೆ ದ್ವೀಪದ ಕಾಡಿನಲ್ಲಿ ಒಂದು ಕೋತಿ ಕಂಡಿತು ಎನ್ನಿ. ಅದು ಮೂಲತಃ ಆ ಕಾಡಿನ ಪ್ರಾಣಿಯಲ್ಲ. ಅದರ ಹಿರಿಯರನ್ನು ಯಾರೋ ಹಡಗಿನಲ್ಲಿ ತಂದು ಬಿಟ್ಟಿದ್ದಾರೆ. ಅದೇ ಗಿನಿ ಕೊಲ್ಲಿಯಲ್ಲಿ, ಇನ್ನೂ ಉತ್ತರಕ್ಕೆ ಬಿಯೋಕೊ ಎಂಬ ದ್ವೀಪವಿದೆ. ಅಲ್ಲಿ ಕೋತಿ ಕಂಡರೆ ಅದರ ಹಿರಿಯರು ನಡೆದುಕೊಂಡೇ ಬಂದವರು. ಹೌದು, ದ್ವೀಪಕ್ಕೆ ನಡೆದುಕೊಂಡು.

ಎರಡೂ ಜ್ವಾಲಾಮುಖಿಯಿಂದ ಎದ್ದ ದ್ವೀಪಗಳು. ಎರಡೂ ಭೂಮಧ್ಯರೇಖೆಯ ಹತ್ತಿರ ಇವೆ. ಎರಡರಲ್ಲೂ ಮಳೆ ಜಾಸ್ತಿ, ಕಾಡು ದಟ್ಟ. ಆದರೂ ಬಿಯೋಕೊದಲ್ಲಿ 11 ಜಾತಿಯ ವಾನರಗಳಿವೆ. ಏಳು ಹಗಲಲ್ಲಿ ಓಡಾಡುವ ಕೋತಿಗಳು, ನಾಲ್ಕು ರಾತ್ರಿ ಓಡಾಡುವ ಗಲಾಗೊಗಳು. ಗಲಾಗೊ ಎಂದರೆ ನಮ್ಮ ಕಾಡುಪಾಪದ ದೂರದ ನೆಂಟ. ಸಾವ್ ತೊಮೆಗೆ ಸ್ವಂತದ್ದು ಅಂತ ಒಂದು ಕೋತಿಯೂ ಇಲ್ಲ. ಇಲಿಯೂ ಇಲ್ಲ, ಅಳಿಲೂ ಇಲ್ಲ.

ಇದಕ್ಕೆ ಕಾರಣ ದೂರ ಎಂದು ಥಟ್ಟನೆ ಹೇಳಿಬಿಡಬಹುದು. ದೂರವೂ ಒಂದು ಕಾರಣ, ನಿಜ. ಆದರೆ ನನಗೆ ಅದಕ್ಕಿಂತ ಮುಖ್ಯ ಎನಿಸುವುದು ನಡುವಿನ ನೀರಿನ ಆಳ. ಆಫ್ರಿಕಾದ ಸುತ್ತಲಿನ ದ್ವೀಪಗಳಲ್ಲಿ ಎಲ್ಲಿ ಯಾವ ಸಸ್ತನಿ ಇದೆ, ಎಲ್ಲಿ ಯಾಕಿಲ್ಲ ಎಂಬ ಗಂಟು ಬಿಚ್ಚಬೇಕಾದರೆ ಸಮುದ್ರದ ತಳವನ್ನು ನೋಡಬೇಕು.

20,000 ವರ್ಷಗಳ ಹಿಂದಕ್ಕೆ ಹೋಗೋಣ. ಅದು ಹಿಮಯುಗ. ಸಮುದ್ರದ ನೀರಿನಲ್ಲಿ ಒಂದಷ್ಟು ಉತ್ತರದ ಭೂಖಂಡಗಳ ಮೇಲೆ ಮಂಜುಗಡ್ಡೆಯಾಗಿ ಕೂತಿತ್ತು. ಸಮುದ್ರಕ್ಕೆ ಅಷ್ಟು ನೀರು ಕಡಿಮೆ. ಜಗತ್ತಿನ ಎಲ್ಲ ಕಡೆ ಸಮುದ್ರದ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಈ 120 ಎಂಬ ಸಂಖ್ಯೆ ನೆನಪಿರಲಿ. ಇಂದು ಯಾವ ದ್ವೀಪಕ್ಕೂ ದಡಕ್ಕೂ ನಡುವೆ ನೀರಿನ ಆಳ ಇದಕ್ಕಿಂತ ಕಡಿಮೆ ಇದೆಯೋ, ಅಲ್ಲಿ ಆಗ ಒಣ ನೆಲವಿತ್ತು. ಅದರ ಮೇಲೆ ಕಾಡೋ ಹುಲ್ಲುಗಾವಲೋ ಬೆಳೆದಿತ್ತು. ಪ್ರಾಣಿಗಳು ಅತ್ತಿಂದಿತ್ತ ಓಡಾಡಿಕೊಂಡಿದ್ದವು.

ಗಿನಿ ಕೊಲ್ಲಿಯ ನಾಲ್ಕು ದ್ವೀಪಗಳು ಈ ಮಾತನ್ನು ಪರೀಕ್ಷಿಸಲು ಹೇಳಿ ಮಾಡಿಸಿದಂತಿವೆ. ನಕ್ಷೆಯಲ್ಲಿ ನೋಡಿದರೆ ಬಿಯೋಕೊ, ಪ್ರಿನ್ಸಿಪೆ, ಸಾವ್ ತೊಮೆ, ಅನ್ನೊಬೋನ್ ನಾಲ್ಕೂ ಒಂದೇ ಗೆರೆಯ ಮೇಲೆ ಕೂತಿವೆ. ಭೂಮಿಯೊಳಗಿನ ಜ್ವಾಲಾಮುಖಿಗಳ ಒಂದು ಉದ್ದ ಸಾಲು ಅದು. ಭೂವಿಜ್ಞಾನಿಗಳು ಅದನ್ನು ಕ್ಯಾಮರೂನ್ ಸಾಲು ಎನ್ನುತ್ತಾರೆ. ದಡದ ಮೇಲೆ 4,000 ಮೀಟರ್ ದಾಟಿ ನಿಂತಿರುವ ಕ್ಯಾಮರೂನ್ ಪರ್ವತ ಕೂಡ ಅದೇ ಸಾಲಿನದು. ಅಂದರೆ ನಾಲ್ಕೂ ದ್ವೀಪಗಳು ಒಂದೇ ತಾಯಿಯ ಮಕ್ಕಳು. ವ್ಯತ್ಯಾಸ ಇಷ್ಟೇ: ಬಿಯೋಕೊ ಹುಟ್ಟಿದ್ದು ಆಫ್ರಿಕಾದ ಅಂಚಿನ ಆಳವಿಲ್ಲದ ನೆಲದ ಮೇಲೆ. ಮಿಕ್ಕ ಮೂರೂ ಹುಟ್ಟಿದ್ದು ಆಳ ಸಮುದ್ರದ ತಳದಿಂದ.

ಬಿಯೋಕೊ ಮತ್ತು ಕ್ಯಾಮರೂನ್ ದಡದ ನಡುವೆ 32 ಕಿಲೋಮೀಟರ್ ನೀರಿದೆ. ಅದರ ಆಳ 60 ಮೀಟರ್ ಆಸುಪಾಸು ಅಷ್ಟೇ. ಹಾಗಾಗಿ ಹಿಮಯುಗದಲ್ಲಿ ಬಿಯೋಕೊ ದ್ವೀಪವೇ ಆಗಿರಲಿಲ್ಲ, ಆಫ್ರಿಕಾ ಖಂಡದ ಒಂದು ಮೂಲೆಯಾಗಿತ್ತು. ಮಂಜು ಕರಗಿ ನೀರು ಏರುತ್ತಾ ಏರುತ್ತಾ, ಸುಮಾರು 10ರಿಂದ 12 ಸಾವಿರ ವರ್ಷಗಳ ಹಿಂದೆ ದಾರಿ ಮುಚ್ಚಿತು. ಆ ಹೊತ್ತಿಗೆ ಆ ಕಡೆ ಇದ್ದವು ಅಲ್ಲೇ ಉಳಿದವು.

ಹೀಗೆ ಉಳಿದವುಗಳ ಪಟ್ಟಿ ನೋಡಿದರೆ ಖುಷಿಯಾಗುತ್ತದೆ. ಕೋತಿಗಳಲ್ಲಿ ಕಪ್ಪು ಕೊಲೊಬಸ್, ಕೆಂಪು ಕೊಲೊಬಸ್, ಕೆಂಪು ಕಿವಿಯ ಗ್ವೆನಾನ್, ಮೂಗಿನ ಮೇಲೆ ಬಿಳಿ ಬೊಟ್ಟಿಟ್ಟಂಥ ಗ್ವೆನಾನ್ ಇವೆ. ಎರಡು ಬಗೆಯ ಡೈಕರ್ ಇವೆ, ಪೊದೆಯೊಳಗೆ ನುಸುಳಿ ಓಡಾಡುವ ಪುಟ್ಟ ಹುಲ್ಲೆಗಳು. ಚಿಪ್ಪುಹಂದಿ, ಬಾಲದ ತುದಿಗೆ ಪೊರಕೆಯಂಥ ಕುಚ್ಚಿರುವ ಮುಳ್ಳುಹಂದಿ, ಮರ ಹತ್ತುವ, ಮೊಲದಷ್ಟು ಗಾತ್ರದ ಹೈರಾಕ್ಸ್, ಬೆಕ್ಕಿನ ಗಾತ್ರದ ಚೀಲಗೆನ್ನೆಯ ಇಲಿ. ಇವೆಲ್ಲದರ ನಡುವೆ ಡ್ರಿಲ್. ಇದು ನೆಲದ ಮೇಲೆ ಗುಂಪಾಗಿ ಓಡಾಡುವ, ಕಪ್ಪು ಮುಖದ ದೊಡ್ಡ ಕೋತಿ. ಇಡೀ ಜಗತ್ತಿನಲ್ಲಿ ಡ್ರಿಲ್ ಕಾಡಿನಲ್ಲಿ ಬದುಕಿರುವುದು ನೈಜೀರಿಯಾದ ಒಂದು ಮೂಲೆ, ಕ್ಯಾಮರೂನಿನ ನೈಋತ್ಯ ಭಾಗ ಮತ್ತು ಈ ಬಿಯೋಕೊದಲ್ಲಿ ಮಾತ್ರ.

ಪಟ್ಟಿಯಲ್ಲಿ ಇಲ್ಲದಿರುವುದನ್ನೂ ನೋಡಬೇಕು. ಎದುರಿನ ದಡದ ಕಾಡುಗಳು ಆನೆ, ಗೊರಿಲ್ಲಾ, ಚಿಂಪಾಂಜಿ, ಚಿರತೆಗಳ ನೆಲೆ. ಬಿಯೋಕೊದಲ್ಲಿ ಇವ್ಯಾವುವೂ ಇಲ್ಲ. ನಡೆದು ಬರುವ ದಾರಿ ಇತ್ತಲ್ಲ, ಮತ್ತೆ ಯಾಕಿಲ್ಲ? ಇದಕ್ಕೆ ದ್ವೀಪದ ಅಳತೆ ಬಹುಮಟ್ಟಿಗೆ ಉತ್ತರ ಕೊಡುತ್ತದೆ. ಬಿಯೋಕೊದ ವಿಸ್ತೀರ್ಣ ಸುಮಾರು 2,000 ಚದರ ಕಿಲೋಮೀಟರ್. ಒಂದು ಚಿರತೆಗೆ ಬೇಕಾಗುವ ಜಾಗದಲ್ಲಿ ನೂರಾರು ಅಳಿಲುಗಳು ಬದುಕುತ್ತವೆ. ಆದ್ದರಿಂದ ಸಣ್ಣ ದ್ವೀಪದಲ್ಲಿ ದೊಡ್ಡ ಪ್ರಾಣಿಯ ಸಂಖ್ಯೆ ಯಾವತ್ತೂ ಕಡಿಮೆಯೇ. ಒಂದು ಕೆಟ್ಟ ಬರಗಾಲ, ಒಂದು ರೋಗ ಸಾಕು, ವಂಶ ಮುಗಿಯುತ್ತದೆ. ಖಂಡದಲ್ಲಾದರೆ ಪಕ್ಕದ ಕಾಡಿನಿಂದ ಇನ್ನೊಂದು ಬಂದು ಸೇರುತ್ತದೆ. ದ್ವೀಪದಲ್ಲಿ ಬರುವುದಕ್ಕೆ ಪಕ್ಕದ ಕಾಡೇ ಇಲ್ಲ. ದಾರಿ ಮುಚ್ಚಿದ ಮೇಲೆ ದ್ವೀಪಗಳು ಹೀಗೆ ಒಂದೊಂದೇ ಪ್ರಾಣಿಯನ್ನು ಕಳೆದುಕೊಳ್ಳುತ್ತಾ ಹೋಗುತ್ತವೆ. ದೊಡ್ಡವು ಮೊದಲು. ಬಿಯೋಕೊದಲ್ಲಿ ಉಳಿದಿದ್ದ ಕಾಡೆಮ್ಮೆಯನ್ನಂತೂ ಮನುಷ್ಯರೇ 20ನೇ ಶತಮಾನದ ಆರಂಭದ ಹೊತ್ತಿಗೆ ಬೇಟೆಯಾಡಿ ಮುಗಿಸಿದರು.

ಬೇಟೆಯ ಮಾತು ಬಂತು, ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಬಿಯೋಕೊ ಈಗ ಈಕ್ವಟೋರಿಯಲ್ ಗಿನಿ ದೇಶದ ಭಾಗ. 1990ರ ದಶಕದಲ್ಲಿ ಅಲ್ಲಿ ಸಮುದ್ರದಡಿ ತೈಲ ಸಿಕ್ಕಿತು. ದ್ವೀಪದ ಮೇಲಿನ ಮಲಾಬೊ ನಗರಕ್ಕೆ ದುಡ್ಡು ಹರಿದು ಬಂತು. ದುಡ್ಡು ಬಂದರೆ ಕಾಡುಮಾಂಸ ತಿನ್ನುವುದು ಕಡಿಮೆಯಾಗಬಹುದು, ಕೋಳಿ ಕುರಿ ಕೊಳ್ಳುತ್ತಾರೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆಗಿದ್ದು ಉಲ್ಟಾ. ಕಾಡುಮಾಂಸ ಹಸಿದವರ ಊಟವಾಗಿ ಉಳಿಯದೆ ದುಡ್ಡಿದ್ದವರ ರುಚಿಯಾಯಿತು. ಕೋತಿ ಮಾಂಸಕ್ಕೆ ಒಳ್ಳೆ ರೇಟು ಸಿಗತೊಡಗಿತು. ಸಂಶೋಧಕರು 1997ರಿಂದ ಮಲಾಬೊ ಮಾರುಕಟ್ಟೆಗೆ ಬರುವ ಪ್ರಾಣಿಗಳನ್ನು ಎಣಿಸುತ್ತಾ ಬಂದರು. 2010ರ ಹೊತ್ತಿಗೆ ಅವರ ಲೆಕ್ಕ 1.9 ಲಕ್ಷ ಪ್ರಾಣಿಗಳನ್ನು ದಾಟಿತ್ತು. 2007ರಲ್ಲಿ ಸರ್ಕಾರ ಕೋತಿಗಳ ಬೇಟೆ ಮತ್ತು ಮಾರಾಟ ನಿಷೇಧಿಸಿತು. ಸ್ವಲ್ಪ ದಿನ ಮಾರಾಟ ಇಳಿಯಿತು, ಆಮೇಲೆ ಮತ್ತೆ ಏರಿತು.

ಇಂದು ಬಿಯೋಕೊದ ಕೆಂಪು ಕೊಲೊಬಸ್ ಅಳಿವಿನ ಅಂಚಿನಲ್ಲಿದೆ. ದ್ವೀಪದ ನೈಋತ್ಯದಲ್ಲಿ ಗ್ರಾನ್ ಕಾಲ್ಡೆರಾ ಎಂಬ ಹಳೆಯ ಜ್ವಾಲಾಮುಖಿಯ ಕುಳಿಯಿದೆ. ಅದರ ಸುತ್ತಮುತ್ತ ವರ್ಷಕ್ಕೆ 10,000 ಮಿಲಿಮೀಟರ್ ಹತ್ತಿರ ಮಳೆ ಸುರಿಯುತ್ತದೆ. ಆ ಮಳೆ, ಆ ಕಡಿದಾದ ಗೋಡೆಗಳು ಬೇಟೆಗಾರರಿಗೆ ಕಷ್ಟ. ಕೊಲೊಬಸ್‌ಗಳು ಉಳಿದಿರುವುದು ಅಲ್ಲೇ. ಮತ್ತೆ ಖಂಡದಿಂದ ನಡೆದು ಬರಲು ದಾರಿಯಿಲ್ಲ. ಇವು ಹೋದರೆ ಹೋದವೇ.

ಈಗ ತೆಂಕಣಕ್ಕೆ, ಆಳ ನೀರಿನ ದ್ವೀಪಗಳಿಗೆ ಹೋಗೋಣ. ಪ್ರಿನ್ಸಿಪೆ ದಡದಿಂದ ಸುಮಾರು 220 ಕಿಲೋಮೀಟರ್ ದೂರ. ಸಾವ್ ತೊಮೆ ಸುಮಾರು 250. ಅನ್ನೊಬೋನ್ ಇನ್ನೂ ಆಚೆ, ಸುಮಾರು 350. ಪ್ರಿನ್ಸಿಪೆಗೆ 31 ದಶಲಕ್ಷ ವರ್ಷ ವಯಸ್ಸು, ಅನ್ನೊಬೋನ್‌ಗೆ ಐದಾರು ದಶಲಕ್ಷ. ಅನ್ನೊಬೋನ್ ಎಷ್ಟು ಚಿಕ್ಕದೆಂದರೆ 17 ಚದರ ಕಿಲೋಮೀಟರ್ ಅಷ್ಟೇ. ಈ ದ್ವೀಪಗಳ ನಡುವಿನ ನೀರು 1,800 ಮೀಟರಿಗಿಂತ ಆಳ. ಸಮುದ್ರ 120 ಮೀಟರ್ ಇಳಿದರೆ ಅಲ್ಲಿ ಏನೂ ಬದಲಾಗುವುದಿಲ್ಲ. ಈ ಮೂರೂ ಒಮ್ಮೆಯೂ ಆಫ್ರಿಕಾಕ್ಕೆ ಅಂಟಿಕೊಂಡಿರಲಿಲ್ಲ. ಸಮುದ್ರದಿಂದ ಬರಿ ಕಲ್ಲಾಗಿ ಎದ್ದು ನಿಂತವು. ಅಲ್ಲಿರುವ ಒಂದೊಂದು ಜೀವಿಯೂ ನೀರು ದಾಟಿ ಬಂದದ್ದೇ.

ಸಸ್ತನಿಗಳ ಪೈಕಿ ಹಾಗೆ ದಾಟಿದವು ಎರಡೇ ಬಗೆ. ಬಾವಲಿಗಳು ಮತ್ತು ಸುಂಡಿಲಿಗಳು. ಬಾವಲಿ ಸರಿ, ರೆಕ್ಕೆ ಇದೆ. ಸುಂಡಿಲಿ ಹೇಗೆ?

ಹೆಸರಲ್ಲಿ ಇಲಿ ಇದ್ದರೂ ಸುಂಡಿಲಿ ಇಲಿಯ ಜಾತಿಯದಲ್ಲ. ಉದ್ದ ಮೂತಿಯ, ಹುಳ ತಿನ್ನುವ ಪ್ರಾಣಿ. ಸಮುದ್ರಯಾನಕ್ಕೆ ಇದಕ್ಕಿಂತ ತಕ್ಕದಲ್ಲದ ಪ್ರಾಣಿ ಇನ್ನೊಂದಿಲ್ಲ ಅನ್ನಬೇಕು. ದೇಹ ಚಿಕ್ಕದು, ಒಳಗಿನ ಉರಿ ದೊಡ್ಡದು. ಕೆಲವು ಗಂಟೆ ಊಟ ಸಿಗದಿದ್ದರೆ ಸತ್ತೇ ಹೋಗುತ್ತದೆ. ಅಂಥದ್ದು 200 ಕಿಲೋಮೀಟರಿಗಿಂತ ಜಾಸ್ತಿ ಸಮುದ್ರ ದಾಟಿದೆ. ಒಂದಲ್ಲ, ಎರಡು ದ್ವೀಪಗಳಲ್ಲಿ ನೆಲೆಸಿದೆ.

ಒಪ್ಪಬಹುದಾದ ಉತ್ತರ ತೇಲುವ ನೆಲ. ನೈಜರ್, ಕಾಂಗೋದಂಥ ದೊಡ್ಡ ನದಿಗಳು ಇದೇ ಕಡೆ ಸಮುದ್ರ ಸೇರುತ್ತವೆ. ಪ್ರವಾಹದಲ್ಲಿ ದಂಡೆ ಕುಸಿಯುತ್ತದೆ. ಬೇರುಗಳು ಹೆಣೆದುಕೊಂಡ ಮರಗಳು ಮಣ್ಣಿನ ಸಮೇತ, ಒಂದು ಹಸಿರು ತೆಪ್ಪವಾಗಿ ತೇಲಿ ಹೋಗುತ್ತವೆ. ಆ ಮಣ್ಣಿನಲ್ಲಿ ಎರೆಹುಳು, ಗೆದ್ದಲು, ಜೀರುಂಡೆ ಇರುತ್ತವೆ. ಸುಂಡಿಲಿಗೆ ಊಟ ಜೊತೆಗೇ ಬಂದಂತಾಯಿತು. ಈ ವಿವರಣೆಗೆ ಬಲ ಕೊಡುವುದು ಸಸ್ತನಿಯಲ್ಲದ ಇನ್ನೊಂದು ಸಾಕ್ಷಿ. ಸಾವ್ ತೊಮೆ, ಪ್ರಿನ್ಸಿಪೆಗಳಲ್ಲಿ ಸ್ವಂತ ಕಪ್ಪೆಗಳಿವೆ. ಸಾವ್ ತೊಮೆಯಲ್ಲಿ ಎರೆಹುಳುವಿನಂತೆ ಕಾಣುವ, ಕಾಲಿಲ್ಲದ ಹಳದಿ ಸಿಸಿಲಿಯನ್ ಕೂಡ ಇದೆ. ಕಪ್ಪೆಯ ಚರ್ಮಕ್ಕೆ ಉಪ್ಪುನೀರು ವಿಷ. ಅವು ಬಂದಿವೆ ಎಂದರೆ ದಾರಿಯ ನೀರು ಅಷ್ಟು ಉಪ್ಪಾಗಿರಲಿಲ್ಲ. ದೊಡ್ಡ ನೆರೆಯಲ್ಲಿ ನದಿಯ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ಪದರವಾಗಿ ಬಹುದೂರ ಹರಡುತ್ತದೆ. ಆ ಪದರದ ಮೇಲೆಯೇ ಈ ತೆಪ್ಪಗಳು ಸಾಗಿ ಬಂದಿರಬೇಕು ಎನ್ನುತ್ತಾರೆ ವಿಜ್ಞಾನಿಗಳು.

ಇಂಥ ತೆಪ್ಪ ದಡ ಸೇರುವುದು ಅಪರೂಪದಲ್ಲಿ ಅಪರೂಪ. ಆದರೆ ಕೈಯಲ್ಲಿರುವ ಸಮಯವೂ ಸಣ್ಣದಲ್ಲ. ಹತ್ತಾರು ದಶಲಕ್ಷ ವರ್ಷಗಳಲ್ಲಿ ಒಂದೆರಡು ಸಲ ನಡೆದರೆ ಸಾಕು ಅಲ್ವಾ?

ಪ್ರಿನ್ಸಿಪೆಯ ಸುಂಡಿಲಿಯ ಕತೆ ನನಗೆ ತುಂಬಾ ಇಷ್ಟ. ಬಹಳ ಕಾಲ ವಿಜ್ಞಾನಿಗಳು ಅದನ್ನು ಬಿಯೋಕೊದಲ್ಲೂ ಖಂಡದಲ್ಲೂ ಇರುವ ಒಂದು ಜಾತಿಯೇ ಎಂದುಕೊಂಡಿದ್ದರು. ಆಮೇಲೆ ತಲೆಬುರುಡೆ ಅಳೆದು, ಡಿಎನ್‌ಎ ನೋಡಿದಾಗ ಬೇರೆಯೇ ಎಂದು ಗೊತ್ತಾಯಿತು. 2015ರಲ್ಲಿ ಅದಕ್ಕೆ ಹೊಸ ಜಾತಿಯ ಪಟ್ಟ ಸಿಕ್ಕಿತು. ವೈಜ್ಞಾನಿಕ ಹೆಸರು ಕ್ರೊಸಿಡೂರಾ ಫಿಂಗ್ವಿ. ಫಿಂಗ್ವಿ ಎಂಬುದು ದ್ವೀಪದ ಜನ ಅದನ್ನು ಕರೆಯುತ್ತಿದ್ದ ಹೆಸರು. ಪುಸ್ತಕಕ್ಕೆ ಹೊಸದಾದ ಪ್ರಾಣಿಗೆ ಊರವರ ಬಾಯಲ್ಲಿ ಮೊದಲೇ ಹೆಸರಿತ್ತು. ಅದನ್ನೇ ಉಳಿಸಿಕೊಂಡಿದ್ದು ಒಳ್ಳೆಯದಾಯಿತು.

ಇನ್ನು ಬಾವಲಿಗಳು. ಸಾವ್ ತೊಮೆಯಲ್ಲಿ ಮಾತ್ರ ಇರುವ ಒಂದು ಹಣ್ಣುಬಾವಲಿಗೆ ವಿಚಿತ್ರವಾದ ಬಾಯಿ ಇದೆ. ಸಸ್ತನಿಗಳ ಹಲ್ಲು ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ. ನಿಮ್ಮದನ್ನು ನಾಲಿಗೆಯಿಂದ ಎಣಿಸಿ ನೋಡಬಹುದು. ಈ ಬಾವಲಿಗೆ ಕೆಳದವಡೆಯ ಮುಂಭಾಗದಲ್ಲಿ ಒಂದು ಹಲ್ಲು ಕಡಿಮೆ, ಒಂದು ಬದಿಗೆ ಮಾತ್ರ. 1993ರಲ್ಲಿ ಪ್ರಕಟವಾದ ಅಧ್ಯಯನದಿಂದ ಇದು ಹೊರಗೆ ಗೊತ್ತಾಯಿತು. ದ್ವೀಪಗಳಲ್ಲಿ ಇಂಥದ್ದು ನಡೆಯಲು ಅವಕಾಶ ಜಾಸ್ತಿ. ಮೊದಲು ಬಂದವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದಕ್ಕೆ ಇದ್ದ ಸಣ್ಣ ವ್ಯತ್ಯಾಸ, ಕೆಡುಕು ಮಾಡದಿದ್ದರೆ, ಇಡೀ ಸಂತತಿಗೆ ಹರಡಿಬಿಡಬಹುದು. ಖಂಡದ ದೊಡ್ಡ ಗುಂಪಿನಲ್ಲಾದರೆ ಅದು ಕರಗಿಹೋಗುತ್ತಿತ್ತು.

ಒಣಹುಲ್ಲಿನ ಬಣ್ಣದ ದೊಡ್ಡ ಹಣ್ಣುಬಾವಲಿಯೂ ಇಲ್ಲಿದೆ. ಖಂಡದಲ್ಲಿ ಇದು ಭಾರೀ ಅಲೆಮಾರಿ. ಪ್ರತಿವರ್ಷ ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಜಾಂಬಿಯಾದ ಕಸಾಂಕಾದಲ್ಲಿ ದಶಲಕ್ಷಗಳ ಲೆಕ್ಕದಲ್ಲಿ ಸೇರುತ್ತದೆ. ಖಂಡದ ಈ ತುದಿಯ ಬಾವಲಿಗೂ ಆ ತುದಿಯದಕ್ಕೂ ಡಿಎನ್‌ಎಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಅಷ್ಟು ಬೆರೆತುಹೋಗಿವೆ. ಅಷ್ಟು ದೂರ ಹಾರಬಲ್ಲ ಪ್ರಾಣಿಯೂ ಈ ದ್ವೀಪಗಳಿಗೆ ಬಂದ ಮೇಲೆ ಹೆಚ್ಚುಕಡಿಮೆ ಇಲ್ಲೇ ನಿಂತುಬಿಟ್ಟಿದೆ. ಅನ್ನೊಬೋನ್‌ನಲ್ಲಂತೂ ಅದರ ಗಾತ್ರವೇ ಚಿಕ್ಕದಾಗಿದೆ. ಅಲ್ಲಿರುವುದು ಎರಡೂವರೆ ಸಾವಿರದಷ್ಟು ಎಂದು ಅಂದಾಜು. ಈ ಚಿಕ್ಕ ಗುಂಪಿನ ರಕ್ತ ಪರೀಕ್ಷೆ ಮಾಡಿದಾಗ ನಿಪಾ ವೈರಸ್ ಸೇರಿದ ಬಳಗದ ವೈರಸ್ಸಿನ ವಿರುದ್ಧ ಪ್ರತಿಕಾಯಗಳು ಸಿಕ್ಕವು. ಹೊರಗಿನಿಂದ ಹೊಸ ಬಾವಲಿ ಬಾರದ ಕಡೆ, ಇಷ್ಟು ಕಡಿಮೆ ಸಂಖ್ಯೆಯಲ್ಲಿ ವೈರಸ್ ಹೇಗೆ ಉಳಿದುಕೊಳ್ಳುತ್ತದೆ? ಸೋಂಕುಗಳನ್ನು ಅಧ್ಯಯನ ಮಾಡುವವರಿಗೆ ಇದು ದೊಡ್ಡ ಪ್ರಶ್ನೆ.

ಪೋರ್ಚುಗೀಸ್ ಹಡಗುಗಳು 1470ರ ಸುಮಾರಿಗೆ ಇಲ್ಲಿಗೆ ಬಂದಾಗ ಈ ಮೂರು ದ್ವೀಪಗಳಲ್ಲಿ ಜನ ಇರಲಿಲ್ಲ. ಆಮೇಲೆ ಕಬ್ಬು ಬಂತು, ಗುಲಾಮರನ್ನು ತಂದರು, ಮುಂದೆ ಕೋಕೋ ತೋಟಗಳು ಎದ್ದವು. ಇವುಗಳ ಜೊತೆಗೆ ಇಲಿ, ಹಂದಿ, ನಾಯಿ, ಬೆಕ್ಕು ಇಳಿದವು. ಪುನುಗು ಬೆಕ್ಕು ಬಂತು. ಮೋನಾ ಕೋತಿ ಬಂತು. ವೀಸಲ್ ಎಂಬ ಚಿಕ್ಕ ಬೇಟೆಗಾರ ಪ್ರಾಣಿಯನ್ನೂ ತಂದರು. ಈಗ ಸಾವ್ ತೊಮೆಯಲ್ಲಿ ನೆಲದ ಮೇಲೆ ಕಾಣುವ ಸಸ್ತನಿಗಳಲ್ಲಿ ಸುಂಡಿಲಿ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೀಗೆ ಹಡಗಿಂದ ಇಳಿದವು. ಮೋನಾ ಕೋತಿಯ ಪಯಣ ಅಲ್ಲಿಗೂ ಮುಗಿಯಲಿಲ್ಲ. ಗುಲಾಮರನ್ನು ತುಂಬಿದ ಹಡಗುಗಳಲ್ಲಿ ಅದು ಅಟ್ಲಾಂಟಿಕ್ ದಾಟಿ ಕೆರಿಬಿಯನ್ನಿನ ಗ್ರೆನಡಾ ದ್ವೀಪಕ್ಕೂ ಹೋಯಿತು. ಇವತ್ತಿಗೂ ಅಲ್ಲಿನ ಕಾಡುಗಳಲ್ಲಿದೆ.

ಆಳದ ಲೆಕ್ಕ ಪಶ್ಚಿಮ ದಡದಲ್ಲಿ ಸರಿಹೋಯಿತು. ಪೂರ್ವದಲ್ಲಿ? ಟಾಂಜಾನಿಯಾದ ಎದುರಿಗೆ ಜಾಂಜಿಬಾರಿನ ಎರಡು ದೊಡ್ಡ ದ್ವೀಪಗಳಿವೆ, ಉಂಗುಜಾ ಮತ್ತು ಪೆಂಬಾ. ಎರಡೂ ದಡಕ್ಕೆ ಹತ್ತಿರ. ಪೆಂಬಾ ಸುಮಾರು 50 ಕಿಲೋಮೀಟರ್. ಆದರೆ ಉಂಗುಜಾದ ಮುಂದಿನ ನೀರು ಆಳವಿಲ್ಲದ್ದು. ಪೆಂಬಾದ ಮುಂದಿನ ಕಾಲುವೆ ಸುಮಾರು 800 ಮೀಟರ್ ಆಳ.

ಲೆಕ್ಕ ಹೇಳುವಂತೆಯೇ ಇದೆ. ಉಂಗುಜಾದಲ್ಲಿ ಸ್ವಂತ ಕೆಂಪು ಕೊಲೊಬಸ್ ಇದೆ. ಅದು ಮೂಲತಃ ಬೇರೆಲ್ಲೂ ಇಲ್ಲ. ಇತ್ತೀಚಿನ ದೊಡ್ಡ ಎಣಿಕೆಯಲ್ಲಿ 5,800ಕ್ಕೂ ಜಾಸ್ತಿ ಸಿಕ್ಕಿವೆ. ಜೊಜಾನಿ ಕಾಡಿನ ಪಕ್ಕದ ತೋಟಗಳಲ್ಲಿ ಇವು ಮಾವಿನ ಎಲೆ, ನಾಡಬಾದಾಮಿ ಎಲೆ ತಿನ್ನುತ್ತವೆ. ಆ ಎಲೆಗಳಲ್ಲಿ ಹೊಟ್ಟೆಗೆ ಆಗದ ಪದಾರ್ಥಗಳಿವೆ. ಅದಕ್ಕೆ ಈ ಕೋತಿಗಳು ಇದ್ದಿಲು ಹುಡುಕಿ ತಿನ್ನುತ್ತವೆ. ಇದ್ದಿಲು ಆ ವಿಷವನ್ನು ಹೀರಿಕೊಳ್ಳುತ್ತದೆ. ತಾಯಿಯನ್ನು ನೋಡಿ ಮರಿ ಕಲಿಯುತ್ತದೆ ಎಂದು ಗಮನಿಸಿದವರು ಹೇಳುತ್ತಾರೆ. ಉಂಗುಜಾದಲ್ಲಿ ಚಿರತೆಯೂ ಇತ್ತು. ಬಿಯೋಕೊಗಿಂತ ಚಿಕ್ಕ ದ್ವೀಪದಲ್ಲಿ! ಆದ್ದರಿಂದ ಯಾವುದು ಬರಬಲ್ಲದು ಎಂಬುದನ್ನಷ್ಟೇ ಆಳ ಹೇಳುತ್ತದೆ, ಬಂದದ್ದರಲ್ಲಿ ಯಾವುದು ಉಳಿಯುತ್ತದೆ ಎಂಬುದನ್ನಲ್ಲ. ಮಾಟಗಾರರು ಚಿರತೆ ಸಾಕುತ್ತಾರೆ ಎಂಬ ನಂಬಿಕೆ ಅಲ್ಲಿ ಗಟ್ಟಿಯಾಗಿತ್ತು. 1964ರ ಕ್ರಾಂತಿಯ ನಂತರ ಅವುಗಳನ್ನು ಬೆನ್ನಟ್ಟಿ ಕೊಂದರು.

ಪೆಂಬಾಕ್ಕೆ ಸ್ವಂತ ಕೊಲೊಬಸ್ ಇಲ್ಲ. 1970ರ ದಶಕದಲ್ಲಿ ಉಂಗುಜಾದಿಂದ ಕೆಲವನ್ನು ಜನರೇ ಒಯ್ದು ಬಿಟ್ಟರು.

ಮಡಗಾಸ್ಕರ್ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಲೇಖನವೇ ಬೇಕು, ಇಲ್ಲಿ ಎರಡು ಮಾತು ಸಾಕು. ಅದು ಸಮುದ್ರದಿಂದ ಎದ್ದದ್ದಲ್ಲ, ಖಂಡದ ಒಡೆದ ತುಂಡು. ಆಫ್ರಿಕಾದಿಂದ ಬೇರೆಯಾದ ಮೇಲೂ ಬಹುಕಾಲ ನಮ್ಮ ಭಾರತಕ್ಕೆ ಅಂಟಿಕೊಂಡಿತ್ತು. ಸುಮಾರು 88 ದಶಲಕ್ಷ ವರ್ಷಗಳ ಹಿಂದೆ ಎರಡೂ ಸೀಳಿದವು. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿ ದ್ವೀಪಕ್ಕೆ ಹೋಗಿದ್ದರೆ ಅಲ್ಲಿನ ಕಂಬದಂಥ ಕಲ್ಲುಗಳನ್ನು ನೋಡಿರುತ್ತೀರಿ. ಅವು ಆ ಸೀಳಿನ ಕಾಲದಲ್ಲಿ ಉಕ್ಕಿದ ಲಾವಾ. ಆದರೆ ಮಡಗಾಸ್ಕರಿನ ಈಗಿನ ಸಸ್ತನಿಗಳು ಆ ಸೀಳಿಗಿಂತ ಈಚಿನವು. ಕೋತಿಯ ದೂರದ ನೆಂಟ ಲೀಮರ್, ಹುಳ ತಿನ್ನುವ ಪುಟ್ಟ ಪ್ರಾಣಿ ಟೆನ್ರೆಕ್, ಬೆಕ್ಕಿನಂಥ ಬೇಟೆಗಾರ ಫೋಸಾದ ಬಳಗ, ಅಲ್ಲಿನ ಇಲಿಗಳು, ಈ ನಾಲ್ಕೂ ಗುಂಪಿನ ಹಿರಿಯರು ಆಫ್ರಿಕಾದಿಂದ ಬೇರೆ ಬೇರೆ ಕಾಲದಲ್ಲಿ ಒಂದೊಂದೇ ಸಲ ತೇಲಿ ಬಂದಿರಬೇಕು ಎಂಬುದು ಬಹುಪಾಲು ಅಧ್ಯಯನಗಳ ಮಾತು. ಆ ಒಂದು ತೆಪ್ಪದ ಲೀಮರ್‌ಗಳಿಂದ ಇಂದು ನೂರಕ್ಕೂ ಹೆಚ್ಚು ಜಾತಿಗಳಾಗಿವೆ. ಟೆನ್ರೆಕ್‌ಗಳೂ ಕೆಲವು ಲೀಮರ್‌ಗಳೂ ದಿನಗಟ್ಟಲೆ, ತಿಂಗಳುಗಟ್ಟಲೆ ದೇಹ ತಣ್ಣಗಾಗಿಸಿಕೊಂಡು ಮಲಗಬಲ್ಲವು. ತೆಪ್ಪದ ಪಯಣದಲ್ಲಿ ಅದು ಉಪಯೋಗಕ್ಕೆ ಬಂದಿರಬಹುದು.

ಪೆಂಬಾಕ್ಕೆ ವಾಪಸ್ ಬರುತ್ತೇನೆ. ಅಲ್ಲಿಯ ನಿಜವಾದ ಒಡೆಯ ಒಂದು ಬಾವಲಿ. ಪೆಂಬಾದ ತೊಗಲುಬಾವಲಿ, ಬೇರೆಲ್ಲೂ ಇಲ್ಲದ್ದು. ನಮ್ಮೂರ ಆಲದ ಮರಗಳಲ್ಲಿ ಹಗಲೆಲ್ಲ ತಲೆಕೆಳಗಾಗಿ ನೇತಾಡುವ ದೊಡ್ಡ ಬಾವಲಿ ಇದೆಯಲ್ಲ, ಅದರದೇ ಕುಲ ಇದು. ಈ ಕುಲ ಏಷ್ಯಾದ್ದು. ಮಾಲ್ಡೀವ್ಸ್, ಸೆಶೆಲ್ಸ್, ಕೊಮೊರೊಸ್, ಮಡಗಾಸ್ಕರ್, ಹೀಗೆ ಹಿಂದೂ ಮಹಾಸಾಗರದ ದ್ವೀಪಗಳಲ್ಲೆಲ್ಲ ಹರಡಿದೆ. ಪೆಂಬಾ ಪಶ್ಚಿಮದ ಕೊನೆಯ ನಿಲ್ದಾಣಗಳಲ್ಲಿ ಒಂದು. ಅಂದರೆ ಆಫ್ರಿಕಾದ ಪಕ್ಕದ ಈ ದ್ವೀಪಕ್ಕೆ ಅದರ ಹೆಸರಾಂತ ಪ್ರಾಣಿ ಬಂದದ್ದು ಪೂರ್ವದಿಂದ.

ಜನ ಇದನ್ನು ಹಿಡಿದು ತಿನ್ನುತ್ತಿದ್ದರು, ಬಂದೂಕು ಬಂದ ಮೇಲೆ ಜಾಸ್ತಿಯೇ. 1980ರ ದಶಕದ ಕೊನೆಗೆ ಕಣ್ಣಿಗೆ ಬೀಳುವುದೇ ಕಷ್ಟವಾಗಿತ್ತು. ಆಮೇಲೆ ಬಾವಲಿ ನೇತಾಡುವ ಮರಗಳಿದ್ದ ಊರುಗಳವರೇ ಸಂಘ ಕಟ್ಟಿಕೊಂಡರು. ಕಾವಲು ಕೂತರು, ಬೇಟೆ ಬಿಡಿಸಿದರು. 20 ವರ್ಷ ಕಳೆಯುವ ಹೊತ್ತಿಗೆ ಸಂಖ್ಯೆ 20,000 ದಾಟಿತು. ಕಿಡಿಕೆ ಎಂಬಲ್ಲಿ ಈಗ ಅವನ್ನು ನೋಡಲು ಹೊರಗಿನವರೂ ಬರುತ್ತಾರೆ. ಸಂಜೆ ಕತ್ತಲಾಗುತ್ತಿದ್ದಂತೆ ಅವು ಮರ ಬಿಟ್ಟು ಹಣ್ಣು ಹುಡುಕಿ ಹಾರುತ್ತವೆ. ಎದುರಿಗೆ 50 ಕಿಲೋಮೀಟರ್ ಆಚೆ ಇಡೀ ಆಫ್ರಿಕಾ ಖಂಡವಿದೆ. ಅಲ್ಲಿ ಈ ಕುಲದ ಒಂದು ಬಾವಲಿಯ ನೆಲೆಯೂ ಇಲ್ಲ.